ಮುರಿಯಲೆಂದೇ ಮಾಡಿದ ಬಾಗಿಲುಗಳು: ಒಬ್ಬ ಬಡಿಗೇರನ ಅನುಭವ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಬಾಗಿಲು, ಚೌಕಟ್ಟು, ಕಿಟಕಿಗಳನ್ನು ಮಾಡುವ ಸಣ್ಣ ಕಾರ್ಖಾನೆಯೊಂದನ್ನು ನಡೆಸುತ್ತಿದ್ದೇನೆ. ನಮ್ಮ ತಂದೆಯವರು ಧಾರವಾಡದ ಮಾಳಮಡ್ಡಿ, ಸಪ್ತಾಪುರಗಳ ಅನೇಕ ಮನೆಗಳಿಗೆ ದಾಂಡೇಲಿ ಕಡೆಯ ಸಾಗವಾನಿಯಲ್ಲಿ ಬಾಗಿಲು ಕೂರಿಸಿದವರು. ಅವರಿಂದ ನಾನು ಕಲಿತದ್ದೆಲ್ಲ ಒಂದೇ ದಿಕ್ಕಿನ ವಿದ್ಯೆ: ಬಾಗಿಲು ಮಳೆಗಾಲದಲ್ಲಿ ಉಬ್ಬಬಾರದು, ಬೇಸಿಗೆಯಲ್ಲಿ ಸೊಟ್ಟಾಗಬಾರದು, ಹೊರಗಿನವನು ಭುಜ ಕೊಟ್ಟರೆ ಅಲುಗಬಾರದು. ಮುರಿಯಲೆಂದೇ ಬಾಗಿಲು ಮಾಡಿಕೊಡಬೇಕೆಂದು ಯಾರಾದರೂ ಕೇಳಬಹುದೆಂಬ ಯೋಚನೆ ನನಗೆ ಬಂದಿರಲೇ ಇಲ್ಲ.

2014ರ ಮಳೆಗಾಲದಲ್ಲಿ ಅಂಥ ಬೇಡಿಕೆಯೊಂದು ಬಂತು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಅನಂತರ ಪೊಲೀಸ್ ಸಿಬ್ಬಂದಿಗೆ ತರಬೇತಿ ಕೊಡುತ್ತಿದ್ದ ಗದಗ ಜಿಲ್ಲೆಯ ಹಿರಿಯರೊಬ್ಬರು ಕಾರ್ಖಾನೆಗೆ ಬಂದು, ಚೌಕಟ್ಟು ಸಹಿತ ಹನ್ನೆರಡು ಬಾಗಿಲು ಬೇಕೆಂದೂ, ಅವುಗಳ ಮೇಲೆ ಬಂದೂಕು ಹಾರಿಸಿ ತೆಗೆಯುವ ಅಭ್ಯಾಸ ನಡೆಯಲಿದೆಯೆಂದೂ ಹೇಳಿದರು. ತರಬೇತಿಯ ಜಾಗವನ್ನೂ ತಂಡವನ್ನೂ ಇಲ್ಲಿ ಹೆಸರಿಸುವುದಿಲ್ಲ. ಅದು ಅವರಿಗೆ ನಾನು ಕೊಟ್ಟ ಮಾತು. ಆ ಮೊದಲ ಹನ್ನೆರಡರಿಂದ ಈವರೆಗೆ ಅವರ ಅಭ್ಯಾಸಕ್ಕೆ ಇನ್ನೂರಕ್ಕೂ ಹೆಚ್ಚು ಬಾಗಿಲುಗಳು ನನ್ನ ಕೈಯಿಂದ ಹೋಗಿವೆ. ನಾನು ಬಂದೂಕು ಹಿಡಿದವನಲ್ಲ. ಗುಂಡು ಬಿದ್ದ ಮೇಲೆ ಕಟ್ಟಿಗೆ ಏನು ಹೇಳುತ್ತದೆಯೆಂಬುದನ್ನು ಹತ್ತಿರದಿಂದ ಓದಿದವನು, ಅಷ್ಟೇ.

ಅವರು ಬಳಸುವುದು ನಮ್ಮ ಮಲೆನಾಡಿನಲ್ಲಿ ತೋಟಾ ಕೋವಿ ಎಂದು ಕರೆಯುವ 12 ಬೋರ್ ಬಂದೂಕಿನ ಜಾತಿಯದೇ. 12 ಎಂಬ ಅಂಕಿಗೆ ಹಳೆಯ ಲೆಕ್ಕವೊಂದಿದೆ: ಒಂದು ಪೌಂಡು, ಎಂದರೆ ಸುಮಾರು 454 ಗ್ರಾಂ ಸೀಸದಿಂದ ಸಮನಾದ 12 ಗೋಲಿಗಳನ್ನು ಮಾಡಿದರೆ ಅಂಥ ಒಂದು ಗೋಲಿ ಕೂರುವಷ್ಟು ಅಗಲದ ನಳಿಗೆ 12 ಬೋರಿನದು, ಅದು ಸುಮಾರು 18.5 ಮಿ.ಮೀ. ಬೇಟೆಗೂ ಬೆಳೆ ಕಾಯುವುದಕ್ಕೂ ಇದರಲ್ಲಿ ಚರೆ, ಎಂದರೆ ಸಣ್ಣ ಸಣ್ಣ ಗುಂಡುಗಳನ್ನು ತುಂಬಿದ ತೋಟಾ ಬಳಸುತ್ತಾರೆ, ಇಲ್ಲವೇ ಒಂದೇ ದೊಡ್ಡ ಸೀಸದ ಗುಂಡಿರುವ ಸ್ಲಗ್ ಬಳಸುತ್ತಾರೆ. ಸಾಮಾನ್ಯ ಸ್ಲಗ್ಗಿನ ತೂಕ ಒಂದು ಔನ್ಸ್, ಸುಮಾರು 28 ಗ್ರಾಂ. ಇವೆರಡರಿಂದಲೂ ಬಾಗಿಲಿನ ಕೀಲಿಯನ್ನು, ಎಂದರೆ ಬೀಗವನ್ನು, ಒಡೆಯಬಹುದಲ್ಲವೇ ಎಂದು ನಾನು ಮೊದಲ ದಿನವೇ ಕೇಳಿದೆ. ಒಡೆಯಬಹುದು, ಆದರೆ ಸ್ಲಗ್ ಬಾಗಿಲನ್ನು ದಾಟಿಕೊಂಡು ಒಳಮನೆಯವರೆಗೂ ಹೋಗುತ್ತದೆ. ಚರೆಯಾದರೆ ಕೀಲಿಯ ಉಕ್ಕಿಗೆ ಬಡಿದು ಹಾರಿಸಿದವನ ಕಡೆಗೇ ಸಿಡಿಯಬಹುದು ಎಂದು ಅವರು ವಿವರಿಸಿದರು.

ಬಾಗಿಲಿಗಾಗಿಯೇ ಬೇರೆ ತೋಟಾ ಹುಟ್ಟಿದ್ದು ಇದೇ ಕಾರಣಕ್ಕೆ. ಅದರೊಳಗೆ ಗಟ್ಟಿಯಾದ ಗುಂಡಿರುವುದಿಲ್ಲ. ಲೋಹದ ಪುಡಿಯನ್ನು ಮೇಣದಂಥ ಅಂಟಿನಲ್ಲಿ ಒತ್ತಿ ಮಾಡಿದ ಮುದ್ದೆಯಿರುತ್ತದೆ. ನಳಿಗೆಯಿಂದ ಹೊರಡುವಾಗ ಅದು ಒಂದೇ ತುಂಡು, ಗಟ್ಟಿ ವಸ್ತುವಿಗೆ ತಗುಲಿದ ಕ್ಷಣ ತನ್ನ ಬಲವನ್ನೆಲ್ಲ ಅಲ್ಲಿಯೇ ಕೊಟ್ಟು ಪುಡಿಯಾಗಿ ಹೋಗುತ್ತದೆ. ಬ್ರಿಟನ್ನಿನಲ್ಲಿ ಹ್ಯಾಟನ್ ರೌಂಡ್ ಎಂದು ಹೆಸರಾದದ್ದು ಇದೇ ಬಗೆಯದು. ಅಮೆರಿಕದ ಸೈನ್ಯದಲ್ಲಿ ಇಂಥದೊಂದಕ್ಕೆ ಎಂ1030 ಎಂಬ ಗುರುತಿದೆ. ಅಲ್ಲಿನವರು ಈ ಕೆಲಸಕ್ಕೆ ನಿಂತ ಬಂದೂಕನ್ನೇ ಮಾಸ್ಟರ್ ಕೀ ಎಂದು ಕರೆಯುವ ರೂಢಿಯಿದ್ದು, 1980ರ ದಶಕದಲ್ಲಿ ರೈಫಲ್ಲಿನ ನಳಿಗೆಯ ಕೆಳಗೆ ಜೋಡಿಸುವ ಗಿಡ್ಡ ಬಂದೂಕೊಂದಕ್ಕೆ ಅದೇ ಹೆಸರನ್ನಿಟ್ಟರು. ಹೆಸರು ಕೇಳಿದರೆ ಎಲ್ಲ ಬಾಗಿಲುಗಳೂ ಅದಕ್ಕೆ ತೆರೆದುಕೊಳ್ಳುತ್ತವೆಂದು ಅನ್ನಿಸುತ್ತದೆ. ಹಾಗೆ ಆಗುವುದಿಲ್ಲವೆಂಬುದನ್ನು ನಾನು ಹತ್ತು ವರ್ಷ ಕಣ್ಣಾರೆ ಕಂಡಿದ್ದೇನೆ.

ಮೊದಲ ಹನ್ನೆರಡು ಬಾಗಿಲುಗಳನ್ನು ನಾನು ತಪ್ಪಾಗಿ ಮಾಡಿದೆ. ಹೇಗೂ ಒಡೆದು ಹೋಗುವ ವಸ್ತುವಿಗೆ ಸಾಗವಾನಿ ಏಕೆಂದುಕೊಂಡು ಅಗ್ಗದ ಸಿಲ್ವರ್ ಓಕ್ ಹಲಗೆಯಲ್ಲಿ ಚೌಕಟ್ಟು ಕಟ್ಟಿ, ಒಳಗೆ ತೆಳುವಾದ ಪ್ಲೈವುಡ್ ತುಂಬಿ, ಸ್ಕ್ರೂಗಳನ್ನು ಒಂದು ಇಂಚಿಗೆ ಇಳಿಸಿ, ಲೆಕ್ಕಪತ್ರದಲ್ಲಿ ಉಳಿತಾಯ ತೋರಿಸಿದೆ. ಚೌಕಟ್ಟುಗಳನ್ನು ಇಟ್ಟಿಗೆಯ ಗೋಡೆಗೆ ಸಿಮೆಂಟಿನಲ್ಲಿ ಕೂರಿಸದೆ ಬರಿಯ ಬೆಣೆ ಹೊಡೆದು ನಿಲ್ಲಿಸಿದೆ. ಅಭ್ಯಾಸದ ದಿನ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಕೊಟ್ಟು ನನ್ನನ್ನು ದೂರದ ಮರಳಿನ ಚೀಲಗಳ ಹಿಂದೆ ನಿಲ್ಲಿಸಿದ್ದರು. ಒಂದರ ಹಿಂದೊಂದು ಎಲ್ಲ ಬಾಗಿಲುಗಳೂ ಮೊದಲ ಏಟಿಗೇ ಹಾರಿ ಬಿದ್ದವು. ಹುಡುಗರು ಖುಷಿಪಟ್ಟರು, ನಾನೂ ಖುಷಿಪಟ್ಟೆ. ಸುಬೇದಾರರು ಮಾತ್ರ ಬಿದ್ದ ಬಾಗಿಲೊಂದನ್ನು ಬೂಟಿನ ತುದಿಯಿಂದ ಹೊರಳಿಸಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

"ಬಡಿಗೇರ್ರ, ಇವು ಭಾಳ ಲಗೂನ ಬಿದ್ದುವು. ಖರೇ ಮನಿ ಬಾಗಲಾ ಹಿಂಗ ಬೀಳಂಗಿಲ್ರಿ. ನಮ್ಮ ಹುಡುಗೂರು ಇದನ್ನ ನಂಬಿಕೊಂಡು ನಾಳೆ ಖರೇ ಬಾಗಲದ ಮುಂದ ನಿಂತ್ರ ಏನ್ ಗತಿ?"

ಆ ಮಾತು ನನ್ನನ್ನು ಆ ರಾತ್ರಿ ಮಲಗಗೊಡಲಿಲ್ಲ. ಒಂದೇ ಏಟಿಗೆ ತೆರೆದೀತೆಂದು ನಂಬಿದ ಹುಡುಗನ ಎದುರಿಗೆ ಬಾಗಿಲು ತೆರೆಯದೆ ನಿಂತರೆ, ಅವನು ಬಾಗಿಲ ಮುಂದೆಯೇ, ಒಳಗಿರುವವನ ಗುರಿಗೆ ನೇರವಾಗಿ, ತಬ್ಬಿಬ್ಬಾಗಿ ನಿಂತಿರುತ್ತಾನೆ. ನಾನು ಉಳಿಸಿದ್ದು ಕೆಲವು ಸಾವಿರ ರೂಪಾಯಿ. ಅದರ ಬದಲಿಗೆ ಹನ್ನೆರಡು ಜನಕ್ಕೆ ಒಂದು ಸುಳ್ಳನ್ನು ಕಲಿಸಿದ್ದೆ. ಮರುದಿನ ಅವರ ಬಳಿಗೆ ಹೋಗಿ, ಆ ಹನ್ನೆರಡಕ್ಕೆ ಹಣ ಬೇಡವೆಂದೂ, ಮುಂದಿನವನ್ನು ಮನೆಗೆ ಮಾಡುವಂತೆಯೇ ಮಾಡುತ್ತೇನೆಂದೂ ಹೇಳಿ ಬಂದೆ.

ಎರಡನೆಯ ಸರದಿಗೆ 35 ಮಿ.ಮೀ. ದಪ್ಪದ ಸಾಗವಾನಿಯ ಕದಗಳನ್ನು ಮಾಡಿದೆ. ಕೆಲವನ್ನು ಈಗ ಎಲ್ಲ ಅಪಾರ್ಟ್‌ಮೆಂಟುಗಳಲ್ಲಿಯೂ ಕಾಣುವ ಗಟ್ಟಿ ತಿರುಳಿನ ಫ್ಲಶ್ ಬಾಗಿಲುಗಳಾಗಿಯೂ ಮಾಡಿದೆ. ಐದಿಂಚು ಮೂರಿಂಚಿನ ಚೌಕಟ್ಟುಗಳಿಗೆ ಎರಡೂ ಕಡೆ ಗೋಡೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಪಟ್ಟಿಗಳನ್ನು, ಎಂದರೆ ಹೋಲ್ಡ್‌ಫಾಸ್ಟ್‌ಗಳನ್ನು, ಮೂರು ಮೂರು ಜಡಿದು, ಇಟ್ಟಿಗೆಯ ಗೋಡೆಯಲ್ಲಿ ಕಾಂಕ್ರೀಟ್ ತುಂಬಿ, ಹದಿನೈದು ದಿನ ನೀರುಣಿಸಿ ಒಣಗಲು ಬಿಟ್ಟೆ. ಈ ಸಲ ಅಭ್ಯಾಸ ಮುಗಿದ ಮೇಲೆ ಪ್ರತಿ ಬಾಗಿಲನ್ನೂ ಕಾರ್ಖಾನೆಗೆ ತಂದು, ಕೀಲಿಯಿದ್ದ ಜಾಗವನ್ನು ಗರಗಸದಿಂದ ಕತ್ತರಿಸಿ ತೆಗೆದು, ಬೆಂಚಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಈ ವಿಷಯದಲ್ಲಿ ನನಗೆ ತಿಳಿದಿರುವುದರಲ್ಲಿ ಅರ್ಧಕ್ಕೂ ಹೆಚ್ಚು ಆ ಬೆಂಚಿನ ಮೇಲೆ ಕಲಿತದ್ದು.

ನಾವು ಬಡಿಗೇರರು ಮಾರ್ಟಿಸ್ ಕೀಲಿ ಕೂರಿಸುವಾಗ ಬಾಗಿಲಿನ ಅಂಚಿನಲ್ಲಿ ಗೂಡು ಕೊರೆಯುತ್ತೇವೆ. 35 ಮಿ.ಮೀ. ದಪ್ಪದಲ್ಲಿ 16 ಮಿ.ಮೀ. ಗೂಡು ಹೋದರೆ ಒಳಗೊಂದು ಹೊರಗೊಂದು ಒಂಬತ್ತೂವರೆ ಮಿ.ಮೀ. ಕಟ್ಟಿಗೆ ಮಾತ್ರ ಉಳಿಯುತ್ತದೆ. ಕೊಂಡವರು ಕೀಲಿಯ ಬೆಲೆ ನೋಡಿ ಬಾಗಿಲು ಭದ್ರವಾಯಿತೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಇಡೀ ಬಾಗಿಲಿನಲ್ಲಿ ಅತ್ಯಂತ ದುರ್ಬಲವಾದ ಜಾಗವನ್ನು ನಾವು ಉಳಿಯಿಂದ ಆಗ ತಾನೇ ಮಾಡಿ ಮುಗಿಸಿರುತ್ತೇವೆ. ಬೆಂಚಿನ ಮೇಲಿದ್ದ ತುಂಡುಗಳಲ್ಲಿ ಕೀಲಿಯ ಉಕ್ಕಿನ ನಾಲಿಗೆ ಬಹುಮಟ್ಟಿಗೆ ಇಡಿಯಾಗಿಯೇ ಇತ್ತು. ಒಡೆದದ್ದು ಅದನ್ನು ಹಿಡಿದುಕೊಂಡಿದ್ದ ಕಟ್ಟಿಗೆ. ಪುಡಿಯ ಮುದ್ದೆ ಉಕ್ಕನ್ನು ಕತ್ತರಿಸುವುದಿಲ್ಲ, ಉಕ್ಕಿನ ಸುತ್ತಲಿನ ಹಿಡಿತವನ್ನು ಬಿಡಿಸುತ್ತದೆ. ಸಾಗವಾನಿಯಲ್ಲಿ ಅದು ಎಳೆಯ ಗುಂಟ ಉದ್ದಕ್ಕೆ ಸೀಳಿತ್ತು, ಫ್ಲಶ್ ಬಾಗಿಲಿನಲ್ಲಿ ಅಡ್ಡ ಎಳೆಯ ಪದರುಗಳು ಸೀಳದೆ ಮುದ್ದೆಯಾಗಿ ನಾರಿನಂತೆ ಕಿತ್ತು ಬಂದಿದ್ದವು. ಸೀಳುಗಳಲ್ಲೆಲ್ಲ ಬೂದುಬಣ್ಣದ ಪುಡಿ ಮೆತ್ತಿಕೊಂಡಿತ್ತು. ಲೋಹದ ಪುಡಿಯಾದ್ದರಿಂದ ಅದನ್ನು ಬಾಯಿಂದ ಊದಬಾರದು, ಬರಿಗೈಯಿಂದ ಮುಟ್ಟಬಾರದೆಂದು ಸುಬೇದಾರರು ಎಚ್ಚರಿಸಿದ್ದರು. ಅಂದಿನಿಂದ ಆ ತುಂಡುಗಳ ಕೆಲಸವನ್ನು ಮೂಗಿಗೆ ಮಾಸ್ಕ್, ಕೈಗೆ ಗವಸು ಇಲ್ಲದೆ ನಮ್ಮ ಹುಡುಗರಿಗೆ ಮಾಡಗೊಡುವುದಿಲ್ಲ.

ಪ್ರತಿ ಏಟಿಗೆ ಒಂದೊಂದು ಸಾಗವಾನಿ ಬಾಗಿಲನ್ನು ಬಲಿ ಕೊಡುವುದು ಯಾರಿಗೂ ಸಾಧ್ಯವಿರಲಿಲ್ಲ. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಕೀಲಿ ಬರುವ ಜಾಗದಲ್ಲಿ ಒಂದು ಅಡಿ ಉದ್ದದ ತುಂಡನ್ನು ಕತ್ತರಿಸಿ, ಅಲ್ಲಿ ಪಾರಿವಾಳದ ಬಾಲದಂಥ ಜೋಡಣೆಯಲ್ಲಿ ಹೊಸ ತುಂಡನ್ನು ಜಾರಿಸಿ ಕೂರಿಸುವುದು. ಚೌಕಟ್ಟಿನಲ್ಲಿಯೂ ನಾಲಿಗೆ ಹೊಗುವ ಜಾಗಕ್ಕೆ ಅದೇ ರೀತಿ. ತುಂಡು ಒಡೆದರೆ ಬಾಗಿಲು ಉಳಿಯುತ್ತದೆ. ಇದರಲ್ಲಿಯೂ ಒಂದು ಮೋಸದ ಸಾಧ್ಯತೆಯಿತ್ತು: ಜೋಡಣೆ ಸಡಿಲವಾದರೆ ಕಟ್ಟಿಗೆ ಒಡೆಯುವ ಬದಲು ತುಂಡೇ ಕಳಚಿ ಬೀಳುತ್ತದೆ, ಬಾಗಿಲು ಮತ್ತೆ ಸುಳ್ಳಾಗುತ್ತದೆ. ಆದ್ದರಿಂದ ಬದಲಿ ತುಂಡನ್ನು ಅದೇ ಮರದಿಂದ, ಎಳೆಯ ದಿಕ್ಕು ಕೂಡುವಂತೆ ಆರಿಸಿ, ಬಡಿಗೆಯಿಂದ ಬಡಿದರೆ ಮಾತ್ರ ಹೋಗುವಷ್ಟು ಬಿಗಿಯಾಗಿ ಕೀಸಿ, ಅಂಟು ಹಾಕಿ ಎರಡು ದಿನ ಬಿಡುತ್ತೇನೆ. ಮಾಡಿ ಮುಗಿಸಿದ ಮೇಲೆ ಅದೇ ಬಗೆಯ ಇಡೀ ಬಾಗಿಲೊಂದನ್ನು ಪಕ್ಕದಲ್ಲಿ ನಿಲ್ಲಿಸಿ ಎರಡನ್ನೂ ಹೋಲಿಸಿ ನೋಡಲು ಸುಬೇದಾರರು ಒಪ್ಪಿದರು. ಮೂರು ಸಲದ ತಿದ್ದುಪಡಿಯಾದ ಮೇಲೆ ಎರಡೂ ಒಂದೇ ರೀತಿ ಒಡೆದವು. ನನ್ನ ವೃತ್ತಿಜೀವನದಲ್ಲಿ ಅಷ್ಟು ಸಮಾಧಾನ ಕೊಟ್ಟ ಜೋಡಣೆ ಮತ್ತೊಂದಿಲ್ಲ.

ಮನಸ್ಸಿಗೆ ನೆಮ್ಮದಿಯಿರಲಿಲ್ಲವಾದರೆ ಅದು ಬಾಗಿಲ ಹಿಂದಿನ ವಿಷಯಕ್ಕೆ. ಪುಡಿಯಾಗುವ ತೋಟಾ ಆದ್ದರಿಂದ ಒಳಗಿರುವವರಿಗೆ ಅಪಾಯವಿಲ್ಲವೆಂಬ ಮಾತು ತರಬೇತಿಗೆ ಬಂದ ಹುಡುಗರ ಬಾಯಲ್ಲಿ ಹಗುರವಾಗಿ ಓಡಾಡುತ್ತಿತ್ತು. ನಾನು ಕಾರ್ಖಾನೆಯಲ್ಲಿದ್ದ ಪ್ಯಾಕಿಂಗಿನ ರಟ್ಟಿನ ಹಾಳೆಗಳನ್ನು ಒಯ್ದು, ಬಾಗಿಲಿನ ಹಿಂದೆ ಒಂದು ಅಡಿ, ಮೂರು ಅಡಿ, ಆರು ಅಡಿ ದೂರಕ್ಕೆ ಚೌಕಟ್ಟಿಗೆ ಮೊಳೆ ಹೊಡೆದು ನಿಲ್ಲಿಸಲು ಅನುಮತಿ ಕೇಳಿದೆ. ಆರಡಿಯ ಹಾಳೆ ಹೆಚ್ಚಾಗಿ ಚೊಕ್ಕವಾಗಿಯೇ ಉಳಿಯುತ್ತಿತ್ತು, ಅಲ್ಲಲ್ಲಿ ಪುಡಿಯ ಕಲೆ ಮಾತ್ರ. ಒಂದಡಿಯ ಹಾಳೆಯಾದರೋ ಹರಿದು ಚಿಂದಿಯಾಗಿತ್ತು. ಅದನ್ನು ಹರಿದದ್ದು ಲೋಹದ ಪುಡಿಯೊಂದೇ ಅಲ್ಲ: ಬೆರಳುದ್ದದ ಸಾಗವಾನಿಯ ಸೀಳುಗಳು, ಕಿತ್ತು ಬಂದ ಸ್ಕ್ರೂಗಳು, ಹಿಡಿಕೆಯ ಹಿತ್ತಾಳೆಯ ಚೂರು. ಎಂದರೆ ತೋಟಾ ಪುಡಿಯಾದರೂ ಬಾಗಿಲು ಪುಡಿಯಾಗುವುದಿಲ್ಲ. ನಾನು ಮಾಡಿದ ಬಾಗಿಲೇ ಆ ಹೊತ್ತಿಗೆ ಚರೆಯಾಗುತ್ತದೆ. ನಾನು ಹಾಕಿದ ಸ್ಕ್ರೂ ರಟ್ಟಿನಲ್ಲಿ ನೆಟ್ಟು ನಿಂತಿದ್ದನ್ನು ನೋಡಿದಾಗ ಹೊಟ್ಟೆಯೊಳಗೆ ಸಂಕಟವಾಯಿತು.

ಮುಂದಿನ ಸರದಿಗೆ ಆ ಹಾಳೆಗಳ ಮೇಲೆ ಮನುಷ್ಯರ ಆಕೃತಿಗಳನ್ನು ಬರೆಸಿಕೊಂಡು ಹೋದೆ. ಒಂದು ನಿಂತ ಗಂಡಸಿನದು, ಒಂದು ಕುಳಿತ ಮುದುಕಿಯದು, ಒಂದು ಐದಾರು ವರ್ಷದ ಮಗುವಿನದು. ನಮ್ಮ ಮನೆಗಳಲ್ಲಿ ಕೀಲಿ ಇರುವುದು ನೆಲದಿಂದ ಮೂರು, ಮೂರೂವರೆ ಅಡಿ ಎತ್ತರದಲ್ಲಿ. ಬಾಗಿಲು ಬಡಿದ ಸದ್ದಿಗೆ ಓಡಿ ಬರುವ ಮಗುವಿನ ಮುಖವಿರುವುದೂ ಅದೇ ಎತ್ತರದಲ್ಲಿ. ಅಭ್ಯಾಸ ಮುಗಿದ ಮೇಲೆ ಸುಬೇದಾರರು ಇಡೀ ತಂಡವನ್ನು ಆ ಹಾಳೆಯ ಮುಂದೆ ನಿಲ್ಲಿಸಿದರು. ಯಾರೂ ಮಾತಾಡಲಿಲ್ಲ. ಅಂದಿನಿಂದ ಪ್ರತಿ ಬಾಗಿಲ ಹಿಂದೆಯೂ ಹಾಳೆ ಇರುತ್ತದೆ, ಮೊದಲು ಹಾಳೆ ನೋಡಿ ಅನಂತರವೇ ಬಾಗಿಲು ತೆರೆಯಿತೋ ಇಲ್ಲವೋ ಎಂಬ ವಿಚಾರಕ್ಕೆ ಬರುತ್ತಾರೆ. ಒಳಗೆ ಯಾರಿದ್ದಾರೆ, ಎಲ್ಲಿದ್ದಾರೆ ಎಂಬುದು ತಿಳಿಯದ ಮನೆಯಲ್ಲಿ ಈ ತೋಟಾವನ್ನು ಕಡೆಯ ದಾರಿಯೆಂದು ಎಣಿಸಬೇಕೆಂಬ ಪಾಠವನ್ನು ಅವರು ಬಾಯಿಂದ ಹೇಳುವುದಕ್ಕಿಂತ ರಟ್ಟಿನ ಹಾಳೆ ಚೆನ್ನಾಗಿ ಹೇಳುತ್ತದೆಂದು ನನ್ನ ನಂಬಿಕೆ.

ಇನ್ನೊಂದು ಕೊರತೆ ನನಗೆ ಕ್ರಮೇಣ ಹೊಳೆಯಿತು. ಈ ವಿದ್ಯೆ ಬಂದದ್ದು ಒಂದು ಕೀಲಿ, ಮೂರು ಬಿಜಾಗರಿಗಳ ಮೇಲೆ ಬಾಗಿಲು ನಿಲ್ಲುವ ದೇಶಗಳಿಂದ. ನಮ್ಮ ಕಡೆ ಹಾಗಿಲ್ಲ. ಎರಡು ತಿಂಗಳು, ಬೇರೆ ಕೆಲಸಕ್ಕೆ ಹೋದಲ್ಲೆಲ್ಲ, ಮನೆಯವರನ್ನು ಕೇಳಿ ಬಾಗಿಲುಗಳನ್ನು ಅಳೆದು ಪುಸ್ತಕದಲ್ಲಿ ಬರೆದುಕೊಂಡೆ: ಹುಬ್ಬಳ್ಳಿಯ ಕೇಶ್ವಾಪುರ, ನವನಗರ, ಧಾರವಾಡದ ಹಳೆಯ ಓಣಿಗಳು, ಗದಗ-ಬೆಟಗೇರಿಯ ನೇಕಾರರ ಮನೆಗಳು, ಹಾವೇರಿಯ ಪೇಟೆಯ ಅಂಗಡಿ ಮನೆಗಳು. ರಾತ್ರಿಯ ಹೊತ್ತು ಕೀಲಿಯೊಂದನ್ನೇ ನಂಬಿ ಮಲಗುವ ಮನೆ ನನಗೆ ಸಿಕ್ಕದ್ದು ಬಹಳ ಕಡಿಮೆ. ಮೇಲೊಂದು ಬೋಲ್ಟು, ಕೆಳಗೊಂದು ಬೋಲ್ಟು, ನಡುವೆ ಆಲ್‌ಡ್ರಾಪ್ ಎಂಬ ದಪ್ಪ ಸರಳಿನ ಚಿಲಕ, ಅದರ ಮೇಲೆ ಸರಪಳಿ. ಅನೇಕ ಕಡೆ ಇದೆಲ್ಲದರ ಹೊರಗೆ ಕಬ್ಬಿಣದ ಜಾಳಿಗೆಯ ಬಾಗಿಲು. ಕೀಲಿ ಒಡೆದರೂ ಇಂಥ ಬಾಗಿಲು ನಿಂತಲ್ಲಿಯೇ ನಿಲ್ಲುತ್ತದೆ. ಮಳೆಗಾಲದಲ್ಲಿ ಧಾರವಾಡದ ತಂಪಿಗೆ ಕಟ್ಟಿಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿದ್ದರೆ, ಎಲ್ಲ ಬೋಲ್ಟು ತೆಗೆದ ಬಾಗಿಲೂ ಒದೆಯದೆ ಅಲುಗುವುದಿಲ್ಲ.

ವಾಡೆಗಳೆಂಬ ಹಳೆಯ ಕಾಲದ ದೊಡ್ಡ ಮನೆಗಳದು ಇನ್ನೂ ಬೇರೆ ಕಥೆ. ಅಲ್ಲಿ ಬಿಜಾಗರಿಯೇ ಇಲ್ಲ. ಕದದ ಮೇಲೂ ಕೆಳಗೂ ಅದೇ ಮರದಲ್ಲಿ ಕಡೆದ ತಿರುಗಣಿಗಳಿದ್ದು, ಒಂದು ಹೊಸ್ತಿಲಿನ ಕುಳಿಯಲ್ಲಿ, ಒಂದು ಮೇಲಿನ ತೊಲೆಯ ಕುಳಿಯಲ್ಲಿ ತಿರುಗುತ್ತವೆ. ಒಳಗೆ ಅಗಳಿ, ಹಗಲು ಅದು ಗೋಡೆಯ ಗೂಡಿನೊಳಗೆ ಸರಿದಿರುತ್ತದೆ, ರಾತ್ರಿ ಎಳೆದರೆ ಎರಡೂ ಕದಗಳಿಗೆ ಅಡ್ಡವಾಗಿ ಎದುರು ಗೋಡೆಯೊಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಗುರಿಯಿಡಲು ಏನೂ ಕಾಣುವುದಿಲ್ಲ. ಧಾರವಾಡದಲ್ಲಿ ಕೆಡವಿದ ಮನೆಯೊಂದರ ಇಂಥ ಬಾಗಿಲನ್ನು ಕೊಂಡು ತಂದು ಅದರ ಅಳತೆಯಲ್ಲಿ ಒಂದು ಜೊತೆ ಮಾಡಿ ನಿಲ್ಲಿಸಿದೆ. ಮೂಲದ ಬಾಗಿಲಿನ ಮೇಲೆ ಗುಂಡು ಹಾರಿಸಲು ನನಗೆ ಮನಸ್ಸು ಬರಲಿಲ್ಲ. ಅದು ಈಗಲೂ ಕಾರ್ಖಾನೆಯ ಗೋಡೆಗೆ ಒರಗಿದೆ. ಮಾಡಿದ ಜೊತೆ ಆ ದಿನ ತೆರೆಯಲಿಲ್ಲ. ತಂಡದವರು ಅರ್ಧ ಗಂಟೆ ಅದರ ಮುಂದೆ ಕುಳಿತು, ಹಿತ್ತಲ ಬಾಗಿಲಿದೆಯೇ, ಮಾಳಿಗೆಯ ಬೆಳಕಿಂಡಿಯಿದೆಯೇ ಎಂದು ಚರ್ಚಿಸಿದರು. ಸುಬೇದಾರರಿಗೆ ಬೇಕಾದದ್ದೂ ಅದೇ.

ಕಬ್ಬಿಣದ ಜಾಳಿಗೆಯ ಬಾಗಿಲನ್ನು ಒಮ್ಮೆ ಮಾತ್ರ ಮಾಡಿಕೊಟ್ಟೆ. ಪುಡಿ ಸರಳಿನ ಮೇಲೆ ಬೂದು ಕಲೆಯನ್ನೂ ಸಣ್ಣ ತಗ್ಗನ್ನೂ ಬಿಟ್ಟಿತು. ಅದಕ್ಕೆ ಕತ್ತರಿಸುವ ಯಂತ್ರವೇ ಬೇಕು, ತೋಟಾದ ಕೆಲಸವಲ್ಲ.

ಬಾಗಿಲು ಒಡೆಯುವುದಕ್ಕೆ ಮುಂಚಿನ ಮಾತೂ ಈ ಅಭ್ಯಾಸದ ಭಾಗವೇ ಆಗಿದೆ. ಬಂಧಿಸಬೇಕಾದ ವ್ಯಕ್ತಿ ಒಳಗಿದ್ದಾನೆಂದು ನಂಬಲು ಕಾರಣವಿದ್ದಾಗ, ಪೊಲೀಸರು ತಮ್ಮ ಅಧಿಕಾರವನ್ನೂ ಉದ್ದೇಶವನ್ನೂ ತಿಳಿಸಿ ಪ್ರವೇಶ ಕೇಳಬೇಕು. ಆದರೂ ಒಳಗೆ ಬಿಡದಿದ್ದರೆ ಮಾತ್ರ ಬಾಗಿಲನ್ನೋ ಕಿಟಕಿಯನ್ನೋ ಒಡೆಯಬಹುದೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 47ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 44ನೆಯ ಕಲಮಿನಲ್ಲಿ ಅದೇ ವಿಧಿಯಿದೆ. ರೂಢಿಯಂತೆ ಹೊರಗೆ ಕಾಣಿಸಿಕೊಳ್ಳದ ಹೆಣ್ಣುಮಗಳು ಆ ಕೋಣೆಯಲ್ಲಿದ್ದು, ಬಂಧಿಸಬೇಕಾದವಳು ಅವಳಲ್ಲದಿದ್ದರೆ, ಅವಳಿಗೆ ತಿಳಿಸಿ, ಹೊರಗೆ ಹೋಗಲು ಅನುವು ಮಾಡಿಕೊಟ್ಟ ಮೇಲೆಯೇ ಒಡೆಯಬೇಕು. ಸುಬೇದಾರರು ಇದನ್ನು ಪ್ರತಿ ಸರದಿಯಲ್ಲಿಯೂ ಕನ್ನಡದಲ್ಲಿ ಗಟ್ಟಿಯಾಗಿ ಕೂಗಿಸುತ್ತಾರೆ. ಒಳಗಿನ ಮುದುಕಿಗೆ ಬೋಲ್ಟು ತೆಗೆಯಲು ಎಷ್ಟು ಹೊತ್ತು ಬೇಕೆಂದು ಒಮ್ಮೆ ನನ್ನನ್ನೇ ಕೇಳಿದರು. ನಾನು ನಮ್ಮ ತಾಯಿಯವರ ಕೈಯಲ್ಲಿ ಮನೆಯ ಬಾಗಿಲು ತೆಗೆಸಿ ಗಡಿಯಾರ ನೋಡಿದೆ. ಹಾಸಿಗೆಯಿಂದೆದ್ದು, ದೀಪ ಹಾಕಿ, ಮೇಲಿನ ಬೋಲ್ಟಿಗೆ ಕೈ ಎಟುಕದೆ ಸ್ಟೂಲು ಎಳೆದುಕೊಂಡು ಬಂದು, ಕೆಳಗಿನದಕ್ಕೆ ಬಗ್ಗಿ ತೆಗೆಯುವ ಹೊತ್ತಿಗೆ ಒಂದು ನಿಮಿಷ ನಲವತ್ತು ಸೆಕೆಂಡು ಆಗಿತ್ತು. ಆ ಅಂಕಿಯನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಈಗ ಒಂದು ಸರದಿಗೆ ಆರು ಬಾಗಿಲುಗಳನ್ನು ಕಳಿಸುತ್ತೇನೆ. ಎರಡು ಫ್ಲಶ್, ಎರಡು ಸಾಗವಾನಿ, ಒಂದು ವಾಡೆಯ ಜೊತೆ. ಆರನೆಯದು ಕೂಡ ಸಾಗವಾನಿಯದೇ, ಕೀಲಿ, ಆಲ್‌ಡ್ರಾಪ್, ಬೋಲ್ಟುಗಳೆಲ್ಲ ಅದಕ್ಕೂ ಇವೆ, ಆದರೆ ಯಾವುದನ್ನೂ ಹಾಕಿರುವುದಿಲ್ಲ; ಬಾಗಿಲನ್ನು ಬರಿದೆ ಮುಚ್ಚಿಟ್ಟಿರುತ್ತೇನೆ. ಅದು ಎಷ್ಟನೆಯ ಗೋಡೆಯಲ್ಲಿದೆಯೆಂದು ಸುಬೇದಾರರಿಗೂ ನನಗೂ ಮಾತ್ರ ಗೊತ್ತು. ಅದಕ್ಕೆ ಮೊದಲ ವರ್ಷ ಬದಲಿ ತುಂಡುಗಳು ಬಹಳ ಬೇಕಾದವು. ಕಳೆದ ಮೂರು ಸರದಿಗಳಲ್ಲಿ ಮುಂದೆ ನಿಂತ ಹುಡುಗ ಮೊದಲು ಹಿಡಿಕೆಗೆ ಕೈ ಹಾಕಿ ತಳ್ಳಿ ನೋಡಿದ್ದಾನೆ, ಆ ಬಾಗಿಲು ಒಂದು ಗೀರೂ ಇಲ್ಲದೆ ಕಾರ್ಖಾನೆಗೆ ಮರಳಿದೆ.